ದೊಡ್ಡಹನುಮಯ್ಯನವರ ಓಮ್ನಿ

ಲಗ್ಗೆರೆ
12 ಜನವರಿ 2025

ಮಗಳು ದಿವ್ಯಂಗೆ, ಅಪ್ಪ ಬರೆಯೋದು.

ಫೋನಲ್ಲೇ ಹೇಳೋಣ ಅಂತಿದ್ದೆ. ಜೈಲಲ್ಲಿ ನಿನಗೆ ಮಾತಾಡೋಕೆ ಬಿಡೋದು ಸ್ವಲ್ಪ ಹೊತ್ತು. ಅಷ್ಟರಲ್ಲಿ ನಿಮ್ಮಮ್ಮ ಫೋನ್ ಕಿತ್ಕೊಂಡು ‘ಊಟ ಮಾಡಿದ್ಯೇನೇ’ ಅಂತ ಅಳೋಕೆ ಶುರು ಮಾಡ್ತಾಳೆ. ಅದಕ್ಕೇ ಬರೀತಾ ಇದೀನಿ. ಅಕ್ಷರ ನೋಡಿ ಗಾಬರಿ ಆಗಬೇಡ. ಕೈ ನಡುಗೋದು ಸ್ವಲ್ಪ ಜಾಸ್ತಿಯಾಗಿದೆ. ಡಾಕ್ಟರು ಮಾತ್ರೆ ಬದಲಾಯಿಸಿದಾರೆ.

ಹೋದ ಸೋಮವಾರ ಗ್ಯಾರೇಜಿಗೆ ಗಂಗಲಕ್ಷ್ಮಮ್ಮ ಬಂದಿದ್ರು. ದೊಡ್ಡಹನುಮಯ್ಯನವರ ಹೆಂಡತಿ. ಕೋರ್ಟಲ್ಲಿ ವರ್ಷಗಟ್ಟಲೆ ನೋಡಿದ ಮುಖ, ಆದ್ರೂ ನಮ್ಮ ಬಾಗಿಲಲ್ಲಿ ನಿಂತಿದ್ದನ್ನ ನೋಡಿದಾಗ ಯಾರು ಅಂತ ತಕ್ಷಣ ಹೊಳೀಲಿಲ್ಲ. ಹಿಂದೆ ಅಳಿಯ ಉದಯಕುಮಾರ್ ನಿಂತಿದ್ದ. ಒಂದು ಟೆಂಪೊಗೆ ಹಗ್ಗ ಕಟ್ಟಿ ಬಿಳೀ ಓಮ್ನಿ ಎಳ್ಕೊಂಡು ಬಂದಿದ್ರು. ನಾಲ್ಕೂ ಟೈರು ಕೂತು ಹೋಗಿವೆ. ಹಿಂದಿನ ಗಾಜಿನ ಮೇಲೆ ‘ಹನುಮ ಫ್ಲವರ್ಸ್, ಮಾರೇನಹಳ್ಳಿ’ ಅಂತ ಇನ್ನೂ ಓದೋ ಹಂಗಿದೆ.

ಕೂತ್ಕೊಳಿ ಅಮ್ಮ ಅಂದೆ. ಕೂರಲಿಲ್ಲ. “ನಿಮ್ಮ ಮಗಳು ನಿಲ್ಸಿದ ಗಾಡಿ ಇದು. ನೀವೇ ಓಡ್ಸಿಕೊಡಿ” ಅಂದ್ರು.

ಯಜಮಾನ್ರು ತೀರ್ಕೊಂಡ ದಿನದಿಂದ ಮನೆ ಮುಂದೇನೇ ನಿಂತಿತ್ತಂತೆ. ಅಳಿಯಂಗೆ ಪೀಣ್ಯದ ಫ್ಯಾಕ್ಟರೀಲಿ ಕೆಲಸ ಹೋಯ್ತಂತೆ. ಇನ್ನು ಮಾವನ ಹೂವಿನ ವ್ಯಾಪಾರ ನಾನೇ ಮಾಡ್ತೀನಿ ಅಂತಿದಾನೆ. ಬೆಳಗ್ಗೆ ಮಾರ್ಕೆಟ್ಟಿಂದ ಹೂವು ತರೋಕೆ ಗಾಡಿ ಬೇಕು.

ಹೊರಡೋವಾಗ ಆಯಮ್ಮ ಇನ್ನೊಂದು ಮಾತು ಹೇಳಿದ್ರು. “ಒಳಗಿರೋದು ಒಂದನ್ನೂ ತೆಗೆದು ಬಿಸಾಕ್ಬೇಡಿ. ಎಲ್ಲಾ ಅವರು ಮುಟ್ಟಿದ್ದು. ಇದ್ದಂಗೇ ಹಾಕಿಕೊಡಿ.” ನಾನು ಆಗಲಿ ಅಂದೆ. ಬೇರೆ ಏನು ಅನ್ನಲಿ ಹೇಳು.

ಎಂಜಿನ್ ಜಾಮ್ ಆಗಿದೆ. ಪೂರ್ತಿ ಬಿಚ್ಚಿ ಕಟ್ಟಬೇಕು. ನನ್ನ ಕೈಲಿ ಸ್ಪಾನರ್ ನಿಲ್ಲಲ್ಲ. ಲೇತ್ ಅಂಗಡಿ ಮಧುಕುಮಾರ್ ಭಾನುವಾರ ಭಾನುವಾರ ಬಂದು ಕೈ ಹಾಕ್ತೀನಿ ಅಂದಿದಾನೆ. ಬಗ್ಗಿ ನೋಡಿದವನೇ “ಅಣ್ಣ, ಇದರಲ್ಲಿ ಉಳಿಸ್ಕೊಳೋಕೆ ಏನಿದೆ?” ಅಂದ.

ಯಾವುದು ಬಿಡೋದು, ಯಾವುದು ಇಟ್ಕೊಳೋದು ಅಂತ ನೀನೇ ಹೇಳಬೇಕು. ಈ ಗಾಡಿ ವಿಷಯದಲ್ಲಿ ನನಗೆ ಬುದ್ಧಿ ಓಡ್ತಾ ಇಲ್ಲ.

ನಿನ್ನ ಅಪ್ಪ,
ಮುನಿಯಪ್ಪ

*

ಮಹಿಳಾ ಬ್ಯಾರಕ್
2 ಫೆಬ್ರವರಿ 2025

ಅಪ್ಪಾ,

ಪತ್ರ ಬಂತು. ಇಲ್ಲಿ ಮೊದಲು ಜೈಲಿನವರು ಓದಿ ಆಮೇಲೆ ನಮಗೆ ಕೊಡ್ತಾರೆ. ಕೊಡೋವಾಗ ಮೇಡಂ ನನ್ನ ಮುಖ ನೋಡಿದ್ರು.

ಯಾಕೆ ಒಪ್ಕೊಂಡೆ ಅಪ್ಪ? ಎರಡು ದಿನ ನಿನ್ನ ಮೇಲೆ ಬರೀ ಕೋಪ ಇತ್ತು. ಬೇರೆ ಯಾವ ಗ್ಯಾರೇಜಿಗಾದ್ರೂ ಕಳಿಸಬಹುದಿತ್ತು ಅನ್ಕೊಂಡೆ. ಆಮೇಲೆ ನಾನೇ ಆ ಬಾಗಿಲಲ್ಲಿ ನಿಂತಿದ್ರೆ ಏನು ಹೇಳ್ತಿದ್ದೆ ಅಂತ ಯೋಚಿಸಿದೆ. ನಾನೂ ಆಗಲಿ ಅಂತಾನೇ ಅಂತಿದ್ದೆ.

ಆ ಓಮ್ನಿ ನನಗೆ ನೆನಪಿದೆ. ಅವತ್ತು ದೊಡ್ಡಹನುಮಯ್ಯನವರು ಅದನ್ನ ಎಡಕ್ಕೆ ನಿಲ್ಲಿಸಿ, ಟೀ ಅಂಗಡಿಗೆ ಅಂತ ರಸ್ತೆ ದಾಟ್ತಾ ಇದ್ರು. ನಾನು ಗಿರಾಕಿ ಕಾರನ್ನ ಟೆಸ್ಟ್ ಮಾಡೋಕೆ ತಗೊಂಡು, ಆ ರಸ್ತೇಲಿ ಹೋಗಬಾರದ ಸ್ಪೀಡಲ್ಲಿ ಬಂದೆ. ಜನ ಸೇರಿದ ಮೇಲೆ ನಾನು ಎಷ್ಟೋ ಹೊತ್ತು ನೋಡ್ತಾ ನಿಂತಿದ್ದು ಅವರನ್ನಲ್ಲ, ಆ ಗಾಡೀನ. ಬಾಗಿಲು ತೆಗೆದಿತ್ತು. ಒಳಗೆ ಸೇವಂತಿಗೆ ತುಂಬಿತ್ತು.

ಸರಿ. ಬಿಚ್ಚಿಸು. ಸೀಟು ಎತ್ತಿ ಎಂಜಿನ್ ಇಳಿಸೋವಾಗ ಮಧು ಅಣ್ಣಂಗೆ ಅವಸರ ಮಾಡಬೇಡ ಅನ್ನು. ಒಂದೊಂದನ್ನೂ ತೊಳೆದು ಸಾಲಾಗಿ ಇಡಿಸು. ಏನು ಕಂಡಿತೋ ನನಗೆ ಬರಿ, ನೀನಾಗಿ ಏನೂ ತೀರ್ಮಾನ ಮಾಡಬೇಡ. ಇಷ್ಟು ವರ್ಷ ನಿಂತ ಎಂಜಿನ್ನಲ್ಲಿ ಎಲ್ಲವನ್ನೂ ವಾಪಸ್ ಹಾಕೋಕೆ ಆಗಲ್ಲ ಅಂತ ನಿನಗೂ ಗೊತ್ತು. ಅದನ್ನ ಆಯಮ್ಮಂಗೆ ಮೊದಲೇ ಹೇಳಿಬಿಡು.

ಇಲ್ಲಿ ನನ್ನನ್ನ ಹೊಲಿಗೆ ಕೆಲಸಕ್ಕೆ ಹಾಕಿದಾರೆ. ಉಗುರಿನ ಸಂದೀಲಿದ್ದ ಗ್ರೀಸ್ ಪೂರ್ತಿ ಹೋಯ್ತು. ಮಾತ್ರೆ ತಪ್ಪಿಸಬೇಡ.

ದಿವ್ಯ

*

ಲಗ್ಗೆರೆ
2 ಮಾರ್ಚ್ 2025

ಮಗಳೇ,

ಬಿಚ್ಚಿದ್ವಿ. ಮೂರು ಪಿಸ್ಟನ್ನೂ ತುಕ್ಕು ಹಿಡಿದು ಸಿಲಿಂಡರ್ ಒಳಗೇ ಅಂಟ್ಕೊಂಡಿದ್ವು. ಡೀಸೆಲ್ ಸುರಿದು ವಾರ ಬಿಟ್ಟು, ಮರದ ತುಂಡು ಇಟ್ಟು ಮಧು ಹೊಡೆದ. ಎರಡು ಬಂದ್ವು, ಒಂದು ಒಡೆದೋಯ್ತು. ಬಿಸಾಕ್ಬೇಡಿ ಅಂದಿದ್ದ ಸಾಮಾನು ಕಣ್ಣ ಮುಂದೇನೇ ಚೂರಾಯ್ತು. ಮಧು “ಹೋಗ್ಲಿ ಬಿಡಣ್ಣ, ಅದು ಹೆಂಗೂ ಹೋಗೋದೇ” ಅಂದ. ನಾನು ಆ ಚೂರುಗಳನ್ನ ಆರಿಸಿ ಒಂದು ಎಣ್ಣೆ ಡಬ್ಬದಲ್ಲಿ ಹಾಕಿಟ್ಟಿದೀನಿ. ಯಾಕೆ ಅಂತ ಕೇಳಬೇಡ.

ಬೇರಿಂಗ್ ಸವೆದಿದೆ. ಥರ್ಮೋಸ್ಟಾಟ್ ತೆಗೆದೇ ಬಿಡೋಣ ಅಂತಾನೆ ಮಧು. ಕಾರ್ಬ್ಯುರೇಟರ್ ಸುತ್ತಾ ಇರೋ ಸಣ್ಣ ಪೈಪುಗಳು ಮುಟ್ಟಿದ್ರೆ ಪುಡಿಯಾಗ್ತವೆ. ನೀರಿನ ಪೈಪಿಗೆ ಒಂದು ಕಡೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದಾರೆ. ಗಂಟು ನೋಡಿದ್ರೆ ಗೊತ್ತಾಗುತ್ತೆ, ಹೂವು ಕಟ್ಟೋರ ಗಂಟು.

ಇನ್ನು ಮೇಲ್ಗಡೆ ವಾಲ್ವ್ ಒತ್ತೋ ಕ್ಯಾಮ್ ಶಾಫ್ಟು, ರಾಕರುಗಳು. ಅವೂ ಸವೆದಿವೆ, ಆದ್ರೆ ಮುರಿದಿಲ್ಲ. ಅವುಗಳ ಗ್ಯಾಪ್ ಇಡೋ ಟ್ಯಾಪೆಟ್ ಸ್ಕ್ರೂ ತಲೆಗಳನ್ನ ಸರಿ ಇಲ್ಲದ ಸ್ಪಾನರ್ ಹಾಕಿ ತಿರುಗಿಸಿ ತಿರುಗಿಸಿ ಹಾಳು ಮಾಡಿದಾರೆ. ಅಳಿಯನ್ನ ಕೇಳಿದೆ. ಮಾವ ಮೆಕ್ಯಾನಿಕ್ ಹತ್ರ ಹೋಗ್ತಾನೇ ಇರಲಿಲ್ಲ, ಮನೆ ಮುಂದೆ ಕೂತ್ಕೊಂಡು ತಾವೇ ಸೆಟ್ ಮಾಡ್ಕೊಳೋರು ಅಂದ.

ಗಂಗಲಕ್ಷ್ಮಮ್ಮಂಗೆ ನಾನಿನ್ನೂ ಹೇಳಿಲ್ಲ. ವಾರಕ್ಕೊಂದು ಸಲ ಬರ್ತಾರೆ. ಹೊರಗೆ ಸ್ಟೂಲ್ ಮೇಲೆ ಕೂತ್ಕೊಂಡು ನೋಡ್ತಾರೆ. ನಿಮ್ಮಮ್ಮ ಕಾಫಿ ತಂದಿಟ್ರೆ ಕುಡಿಯಲ್ಲ, ಬೇಡ ಅಂತಾನೂ ಅನ್ನಲ್ಲ. ಕಾಫಿ ಆರಿಹೋಗುತ್ತೆ. ನಿಮ್ಮಮ್ಮ ಲೋಟ ಎತ್ಕೊಂಡು ಒಳಗೆ ಬಂದು ಅಳ್ತಾಳೆ. ಮುಂದಿನ ವಾರ ಮತ್ತೆ ಮಾಡ್ಕೊಂಡು ಹೋಗ್ತಾಳೆ.

ಮೊನ್ನೆ ನಾನೇ ಒಂದು ವಾಷರ್ ಹಾಕೋಕೆ ಹೋದೆ. ಬಿತ್ತು. ಎತ್ಕೊಂಡು ಹಾಕಿದೆ. ಮತ್ತೆ ಬಿತ್ತು. ಮಧು ನೋಡದೆ ಇರೋನ ಹಂಗೆ ಆ ಕಡೆ ತಿರುಗ್ಕೊಂಡ.

ಬೇಗ ಬರಿ.

ಅಪ್ಪ

*

ಮಹಿಳಾ ಬ್ಯಾರಕ್
23 ಮಾರ್ಚ್ 2025

ಅಪ್ಪಾ,

ಪಿಸ್ಟನ್, ರಿಂಗ್, ಬೇರಿಂಗ್ ಹಳೇದು ಯಾವುದೂ ಬೇಡ. ಸಿಲಿಂಡರ್ ಬೋರ್ ಮಾಡಿಸಿ ಹೊಸದು ಹಾಕಿಸು. ಇದರಲ್ಲಿ ಯೋಚನೆ ಮಾಡೋಕೇ ಏನಿಲ್ಲ.

ಥರ್ಮೋಸ್ಟಾಟ್ ಬಿಡಬೇಡ. ಬೆಂಗಳೂರಿಗೆ ಯಾಕೆ ಬೇಕು ಅಂತ ನೀನೂ ಎಷ್ಟೋ ಗಾಡಿಗೆ ಅದನ್ನ ತೆಗೆದು ಕಳಿಸಿದೀಯ, ಗೊತ್ತು. ಮುಂಜಾನೆ ಚಳೀಲಿ ಮಾರ್ಕೆಟ್ಟಿಗೆ ಹೋಗೋ ಗಾಡಿ ಇದು. ಎಂಜಿನ್ ಬಿಸಿಯಾಗೋದು ತಡವಾದ್ರೆ ಪೆಟ್ರೋಲ್ ಕುಡಿಯುತ್ತೆ. ಸಣ್ಣ ಪೈಪುಗಳಲ್ಲಿ ಸಿಕ್ಕಷ್ಟು ಹೊಸದು ಹಾಕಿ, ಉಳಿದಿದ್ದನ್ನ ಮುಚ್ಚಿಬಿಡಿ. ಎಮಿಷನ್ ಟೆಸ್ಟ್ ಪಾಸಾಗೋ ಹಂಗೆ ಟ್ಯೂನ್ ಮಾಡಿದ್ರೆ ಸಾಕು.

ನೀರಿನ ಪೈಪು ಹೊಸದು ಹಾಕಿಸು. ಅದರ ಮೇಲೆ ಆ ಟ್ಯೂಬನ್ನ ಅದೇ ಗಂಟಿನ ಸಮೇತ ಜಾರಿಸಿ ಕೂರಿಸೋಕೆ ಆಗುತ್ತಾ ನೋಡು. ಅದರಿಂದ ಉಪಯೋಗ ಇಲ್ಲ, ತೊಂದರೇನೂ ಇಲ್ಲ.

ಕ್ಯಾಮ್ ಶಾಫ್ಟು, ರಾಕರು ಬಿಟ್ಟುಬಿಡು. ಹೊಸದು ಹಾಕಿಸು.

ಅಪ್ಪಾ, ಆಯಮ್ಮಂಗೆ ಹೇಳು. ನೀನು ಹೇಳದೇ ಗಾಡಿ ಕೊಟ್ಟರೆ, ಅವರ ಹತ್ರ ನಾವು ಇನ್ನೊಂದನ್ನ ಕಿತ್ಕೊಂಡ ಹಾಗೆ. ನಾನು ಹೇಳಬೇಕಾದ ಮಾತು ಅದು. ಇಲ್ಲಿಂದ ಹೇಗೆ ಹೇಳಲಿ?

ದಿವ್ಯ

*

ಲಗ್ಗೆರೆ
13 ಏಪ್ರಿಲ್ 2025

ಮಗಳೇ,

ಹೇಳಿದೆ. ಯುಗಾದಿ ಮಾರನೇ ದಿನ, ಹೊಸ ತೊಡಕಿಗೂ ಬಂದಿದ್ರು, ಹಬ್ಬದ ದಿನ ಬೇಡ ಅಂತ ಸುಮ್ಮನಾದೆ. ಮೊನ್ನೆ ಬಂದಾಗ ಹೇಳಿದೆ.

“ಅಮ್ಮ, ಪಿಸ್ಟನ್ ಹಾಳಾಗಿದೆ. ಅದನ್ನೇ ಹಾಕಿದ್ರೆ ಗಾಡಿ ಓಡಲ್ಲ” ಅಂದೆ. ಕೊಡಿ ಅಂತ ಕೈ ಚಾಚಿದ್ರು. ಒಂದನ್ನ ಒರೆಸಿ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿದ್ರು.

“ಇದನ್ನ ಅವರು ಮುಟ್ಟಿದ್ರಾ?”

“ಇಲ್ಲಮ್ಮ. ಇದು ಹೊಟ್ಟೆ ಒಳಗಿರೋದು. ಕಂಪನೀಲಿ ಹಾಕಿ ಮುಚ್ಚಿದ್ದು. ನಾವು ಬಿಚ್ಚಿದಾಗಲೇ ಹೊರಗೆ ಬಂದಿರೋದು.”

“ಹಂಗಾದ್ರೆ ತೆಗೀರಿ” ಅಂತ ನನ್ನ ಕೈಗೆ ವಾಪಸ್ ಕೊಟ್ರು.

ಬೇರಿಂಗಿಗೂ ಅದೇ ಮಾತು. ಪೈಪಿಗೂ ಅದೇ ಮಾತು. ಅವರು ಮುಟ್ಟಿಲ್ಲ ಅಂದ್ರೆ ತೆಗೀರಿ. ಸೈಕಲ್ ಟ್ಯೂಬ್ ಇರುತ್ತೆ ಅಮ್ಮ ಅಂದೆ. ತಲೆ ಆಡಿಸಿದ್ರು.

ರಾಕರ್ ವಿಷಯ ಎತ್ತೋಕೆ ನನಗೆ ಬಾಯಿ ಬರಲಿಲ್ಲ ದಿವ್ಯ. ಕೇಳಿದ್ರೆ ಏನಂತ ಹೇಳಲಿ? ಅದನ್ನ ಮುಟ್ಟಿದಾರೆ. ಆ ಸ್ಕ್ರೂಗಳ ಮೇಲೆ ಅವರ ಕೈ ಗುರುತು ಇದ್ದಂಗೇ ಇದೆ. ಅವು ಮುರಿದಿಲ್ಲ ಅಲ್ವಾ? ಹಾಕಿದ್ರೂ ಗಾಡಿ ಓಡುತ್ತೆ, ಸ್ವಲ್ಪ ಸದ್ದು ಬರುತ್ತೆ ಅಷ್ಟೆ. ಅದೊಂದು ಇರಲಿ ಅಂತ ನನ್ನ ಮನಸ್ಸು. ಮಧು “ಮೇಲ್ಗಡೇದು ತಾನೆ, ಆಮೇಲೆ ಬೇಕಾದ್ರೂ ಬದಲಾಯಿಸಬಹುದು” ಅಂತಾನೆ. ನೀನೇನಂತೀಯ? ಎಂಜಿನ್ ಹೆಡ್ ಮುಚ್ಚದೇ ಕಾಯ್ತಾ ಇದೀನಿ.

ಅಪ್ಪ

*

ಮಹಿಳಾ ಬ್ಯಾರಕ್
4 ಮೇ 2025

ಅಪ್ಪಾ,

ಬೇಡ.

ಸ್ಕ್ರೂ ತಲೆ ಹೋಗಿದೆ ಅಂತ ನೀನೇ ಬರೆದಿದೀಯ. ಅದು ಲಾಕ್ ಆಗಿ ನಿಲ್ಲುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಉದಯಕುಮಾರ್ ಮುಂಜಾನೆ ಕತ್ತಲಲ್ಲಿ ಮಾಗಡಿ ರೋಡಲ್ಲಿ ಹೋಗ್ತಿರ್ತಾನೆ. ಒಂದು ಸ್ಕ್ರೂ ಸಡಿಲ ಆಯ್ತು ಅನ್ಕೋ, ಎಂಜಿನ್ ನಿಂತುಹೋಗುತ್ತೆ. ಅವನು ಇಳಿದು ನೋಡ್ತಾನೆ. ಹಿಂದಿನಿಂದ ಬರೋರು ನನ್ನ ಥರದವರು ಆಗಿದ್ರೆ? ಆ ಮನೆಯಿಂದ ಇನ್ನೊಬ್ಬರು ರಸ್ತೆ ಮಧ್ಯೆ ನಿಲ್ಲೋದು ಬೇಡ ಅಪ್ಪ. ನಾವು ಕಟ್ಟಿಕೊಟ್ಟ ಗಾಡಿಯಿಂದಂತೂ ಬೇಡವೇ ಬೇಡ.

ನಿನ್ನ ಮನಸ್ಸು ನನಗೆ ಅರ್ಥ ಆಗುತ್ತೆ. ಆದ್ರೆ ಬೇರೆ ಯಾರದೇ ಗಾಡಿ ಆಗಿದ್ರೂ ನೀನು ಇಷ್ಟು ಯೋಚನೆ ಮಾಡ್ತಿರಲಿಲ್ಲ. ಹೊಸದು ಹಾಕಿಸು. ಗ್ಯಾಪ್ ಎಷ್ಟಿಡಬೇಕು ಅಂತ ಹಿಂದಿನ ಪುಟದಲ್ಲಿ ಬರೆದಿದೀನಿ. ತಣ್ಣಗಿರೋವಾಗ ಇಡಬೇಕು, ಮಧು ಅಣ್ಣಂಗೆ ತೋರಿಸು. ಎರಡು ಸಲ ಚೆಕ್ ಮಾಡಿಸು.

ರಾತ್ರಿ ಮಲಗಿದಾಗ ಆ ಎಂಜಿನ್ನನ್ನ ಮನಸ್ಸಲ್ಲೇ ಕಟ್ತೀನಿ. ಎಲ್ಲಾ ಬೋಲ್ಟೂ ಹಾಕ್ತೀನಿ. ಸ್ಟಾರ್ಟ್ ಮಾಡೋಕೆ ಮಾತ್ರ ಧೈರ್ಯ ಬರಲ್ಲ.

ದಿವ್ಯ

*

ಲಗ್ಗೆರೆ
22 ಜೂನ್ 2025

ಮಗಳೇ,

ಗಾಡಿ ಕೊಟ್ಟಾಯ್ತು. ನಡೆದಿದ್ದನ್ನ ನಡೆದಂಗೇ ಬರೀತೀನಿ.

ನೀನು ಹೇಳಿದಂಗೇ ಎಲ್ಲಾ ಮಾಡಿದ್ವಿ. ಹೊಸ ಕ್ಯಾಮ್ ಶಾಫ್ಟು, ಹೊಸ ರಾಕರು. ಗ್ಯಾಪ್ ಮಧು ಇಟ್ಟ, ನಾನು ಪಕ್ಕದಲ್ಲಿ ನಿಂತು ಎರಡನೇ ಸಲ ನೋಡಿಸಿದೆ. ಶುಕ್ರವಾರ ಬೆಳಗ್ಗೆ ಗಂಗಲಕ್ಷ್ಮಮ್ಮ, ಉದಯಕುಮಾರ್ ಇಬ್ಬರೂ ಬಂದ್ರು. ಆಯಮ್ಮ ತಲೆಗೆ ಸ್ನಾನ ಮಾಡ್ಕೊಂಡು ಬಂದಿದ್ರು. ಕೈಲಿ ಒಂದು ಮೊಳ ಮಲ್ಲಿಗೆ. ಅದನ್ನ ತಾವೇ ಗಾಡಿ ಮುಂದೆ ಸಿಗಿಸಿದ್ರು. ಟೈರ್ ಕೆಳಗೆ ನಿಂಬೆಹಣ್ಣು ಅಳಿಯ ಇಟ್ಟ.

ಮಧು ಕೀ ತಿರುಗಿಸಿದ. ಒಂದೇ ಸಲಕ್ಕೆ ಹತ್ಕೊಂಡ್ತು ದಿವ್ಯ. ಎಷ್ಟು ನಯ ಅಂತೀಯ, ಸೀಟಿನ ಮೇಲೆ ಕೈ ಇಟ್ರೆ ಮಾತ್ರ ಗೊತ್ತಾಗಬೇಕು. ಇಷ್ಟು ವರ್ಷದಲ್ಲಿ ನಮ್ಮ ಗ್ಯಾರೇಜಿಂದ ಇಂಥ ಕೆಲಸ ಆಚೆ ಹೋಗಿಲ್ಲ. ನಿನ್ನ ನೆನೆದು ನನಗೆ ಕಣ್ಣು ತುಂಬ್ತು.

ಆಯಮ್ಮ ಹಂಗೇ ಕಾಯ್ತಾ ನಿಂತಿದ್ರು. ಸ್ವಲ್ಪ ಹೊತ್ತಾದ ಮೇಲೆ “ಯಾಕೆ, ಸ್ಟಾರ್ಟ್ ಆಗ್ತಿಲ್ವಾ?” ಅಂದ್ರು.

“ಆಗಿದೆ ಅತ್ತೆ” ಅಂದ ಉದಯಕುಮಾರ್.

“ಎಲ್ಲಿ?”

ಆಯಮ್ಮ ಗಾಡಿ ಹತ್ರ ಬಂದು ಬಾಗಿಲಿಗೆ ಕಿವಿ ಕೊಟ್ರು. “ಇದಲ್ಲ” ಅಂದ್ರು. “ಅವರ ಗಾಡಿ ಬೀದಿ ತಿರುವಲ್ಲಿ ಇರೋವಾಗ್ಲೇ ಒಲೆ ಮುಂದೆ ಕೂತಿರೋಳಿಗೆ ಗೊತ್ತಾಗ್ತಿತ್ತು. ಟಕ ಟಕ ಟಕ ಅಂತ. ಆ ಸದ್ದು ಕೇಳಿ ನಾನು ತಟ್ಟೆ ಹಾಕ್ತಿದ್ದೆ.”

“ಅಮ್ಮ, ಹಳೇ ಸಾಮಾನು ಇಟ್ಟಿದೀನಿ. ಅದನ್ನೇ ಮತ್ತೆ ಹಾಕಿಕೊಡ್ತೀನಿ, ಒಂದು ವಾರ ಕೊಡಿ” ಅಂದೆ. ಮಾತು ತೊದಲ್ತು, ಕೈ ಬೇರೆ ನಿಲ್ತಾ ಇರಲಿಲ್ಲ. ಆಯಮ್ಮ ನನ್ನ ಕೈ ನೋಡಿದ್ರು.

“ಬೇಡ” ಅಂದ್ರು. “ನಾನು ಆ ಸದ್ದು ಕೇಳಲಿ ಅಂತ ಇವನು ಕೆಟ್ಟ ಗಾಡಿ ಓಡಿಸೋದಾ? ಓಡುತ್ತಲ್ಲ, ಸಾಕು.”

ಹತ್ತಿ ಕೂತ್ರು. ಹೋದ್ರು. ಸೈಕಲ್ ಟ್ಯೂಬ್ ತೋರಿಸೋಣ ಅಂತಿದ್ದೆ, ಆಗಲಿಲ್ಲ.

ನೀನು ಮಾಡಿಸಿದ್ದು ತಪ್ಪಲ್ಲ. ಕೇಳದೇ ಇದ್ದವನು ನಾನು. ಹಂಗೇ ತಿಳ್ಕೋ.

ಅಪ್ಪ

*

ಲಗ್ಗೆರೆ
27 ಜುಲೈ 2025

ದಿವ್ಯ,

ನಿನ್ನ ಪತ್ರ ಬಂದಿಲ್ಲ. ಫೋನೂ ಇಲ್ಲ. ಹೋದ ವಾರ ನಾನೂ ನಿಮ್ಮಮ್ಮನೂ ನೋಡೋಕೆ ಬಂದಿದ್ವಿ. ನೀನು ಹೊರಗೆ ಬರಲ್ಲ ಅಂದೆ ಅಂತ ಹೇಳಿದ್ರು. ನಿಮ್ಮಮ್ಮ ಚಕ್ಕುಲಿ ತಂದಿದ್ಲು. ಒಳಗೆ ಬಿಡಲಿಲ್ಲ. ಬಸ್ಸಲ್ಲಿ ಪಕ್ಕದ ಸೀಟಿನ ಮಗೂಗೆ ಕೊಟ್ಟುಬಿಟ್ಲು.

ಆ ಸಮಾಚಾರ ಬರೀದೇ ಇದ್ದಿದ್ರೆ ಚೆನ್ನಾಗಿತ್ತೇನೋ. ಬರೀದೇ ಇರೋಕೂ ಆಗಲಿಲ್ಲ.

ಎರಡು ಸಾಲು ಬರಿ ಸಾಕು.

ಅಪ್ಪ

*

ಮಹಿಳಾ ಬ್ಯಾರಕ್
24 ಆಗಸ್ಟ್ 2025

ಅಪ್ಪಾ,

ಕ್ಷಮಿಸು. ಅವತ್ತು ನಿಮ್ಮ ಮುಖ ನೋಡೋಕೆ ಆಗ್ತಿರಲಿಲ್ಲ.

ನಾನು ತಪ್ಪು ಮಾಡಿದೆ ಅಂತಾದ್ರೂ ಅನ್ನಿಸಿದ್ರೆ ಹಗುರ ಆಗ್ತಿತ್ತು. ಎಷ್ಟು ಸಲ ಯೋಚನೆ ಮಾಡಿದ್ರೂ ಆ ರಾಕರ್ ಹಾಕಬಾರದಿತ್ತು ಅಂತಾನೇ ಬರುತ್ತೆ. ನಾಳೆ ಅದೇ ಎಂಜಿನ್ ನನ್ನ ಮುಂದೆ ಇಟ್ರೂ ಅದನ್ನೇ ತೆಗೀತೀನಿ. ಆದ್ರೂ ಆಯಮ್ಮಂಗೆ ಉಳಿದಿದ್ದ ಒಂದೇ ಒಂದನ್ನ ತೆಗೆದವಳು ನಾನೇ. ಎರಡೂ ನಿಜ ಆದ್ರೆ ಏನು ಮಾಡ್ತಾರೆ ಅಪ್ಪ?

ಗಾಡಿ ಚೆನ್ನಾಗಿ ಕಟ್ಟಿಕೊಟ್ರೆ ಏನೋ ಒಂದು ಚೂರು ಸರಿಹೋಗುತ್ತೆ ಅಂತ ಒಳಗೊಳಗೇ ಆಸೆ ಇಟ್ಕೊಂಡಿದ್ದೆ. ನಿನಗೆ ಬರೆದಿರಲಿಲ್ಲ, ನನಗೇ ಹೇಳ್ಕೊಂಡಿರಲಿಲ್ಲ. ನಿನಗೂ ಇತ್ತು ಅಲ್ವಾ?

ಉದಯಕುಮಾರ್ ವ್ಯಾಪಾರಕ್ಕೆ ಹೋಗ್ತಿದಾನಾ? ಎಣ್ಣೆ ಬದಲಾಯಿಸೋ ಹೊತ್ತಾಯ್ತು. ಹೊಸ ಎಂಜಿನ್, ಮೊದಲನೇ ಎಣ್ಣೆ ತಡ ಮಾಡಬಾರದು. ನೆನಪಿಸು.

ದಿವ್ಯ

*

ಲಗ್ಗೆರೆ
28 ಸೆಪ್ಟೆಂಬರ್ 2025

ಮಗಳೇ,

ನನಗೂ ಇತ್ತು.

ಗಾಡಿ ಓಡ್ತಾ ಇದೆ. ಒಂದು ದಿನ ಮಾರೇನಹಳ್ಳಿ ಕಡೆ ಹೋಗಿದ್ದೆ, ಉದಯಕುಮಾರ್ ಹೂವು ಇಳಿಸ್ತಾ ಇದ್ದ. ನನ್ನನ್ನ ನೋಡಿ ತಲೆ ಬಗ್ಗಿಸ್ದ. ಎಣ್ಣೆ ವಿಷಯ ಹೇಳಿದೆ. ಮುಂದಿನ ವಾರವೇ ಬಂದ. ಜೊತೇಲಿ ಗಂಗಲಕ್ಷ್ಮಮ್ಮ ಬಂದಿದ್ರು.

ಮಧು ಎಣ್ಣೆ ಇಳಿಸ್ತಿದ್ದ. ಆಯಮ್ಮ ಸ್ಟೂಲ್ ಮೇಲೆ ಕೂತ್ರು. ನಿಮ್ಮಮ್ಮ ಕಾಫಿ ತಂದ್ಲು. ಅವತ್ತು ಲೋಟ ತಗೊಂಡ್ರು. ಅರ್ಧ ಕುಡಿದ್ರು. ನಿಮ್ಮಮ್ಮ ಬಾಗಿಲಲ್ಲೇ ನಿಂತುಬಿಟ್ಲು.

ಆಗ ಕೇಳಿದ್ರು, “ನಿಮ್ಮ ಮಗಳು ಯಾವಾಗ ಬರ್ತಾಳೆ?”

ಇಷ್ಟು ದಿನದಲ್ಲಿ ನಿನ್ನ ಬಗ್ಗೆ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ನಿಮ್ಮಮ್ಮ ಸೆರಗು ಬಾಯಿಗಿಟ್ಕೊಂಡ್ಲು. ನಾನು “ಡಿಸೆಂಬರಲ್ಲಿ ಬಿಡ್ತಾರೆ ಅಮ್ಮ” ಅಂದೆ. ಇನ್ನೂ ಏನೋ ಹೇಳೋಕೆ ಹೋದೆ. ಆಯಮ್ಮ ಲೋಟ ಕೆಳಗಿಟ್ರು.

“ಅವಳು ಇಲ್ಲಿರೋವಾಗ ನಾನು ಬರೋದಿಲ್ಲ. ಅದಕ್ಕೇ ಕೇಳಿದೆ.”

ಕೋಪದಲ್ಲಿ ಅನ್ನಲಿಲ್ಲ ದಿವ್ಯ. ಬಸ್ ಎಷ್ಟು ಹೊತ್ತಿಗೆ ಅಂತ ಕೇಳ್ತಾರಲ್ಲ, ಆ ಥರ. ಆಮೇಲೆ ಉದಯಕುಮಾರ್ ಕಡೆ ತಿರುಗಿ, ಗಾಡಿ ಕೆಲಸ ಏನಿದ್ರೂ ಇಲ್ಲೇ ಮಾಡಿಸು, ಬೇರೆ ಕಡೆ ಕೈ ಹಾಕಿಸ್ಬೇಡ ಅಂದ್ರು.



ಅಪ್ಪ

*

ಮಹಿಳಾ ಬ್ಯಾರಕ್
19 ಅಕ್ಟೋಬರ್ 2025

ಅಪ್ಪಾ,

ಆಯಮ್ಮ ಬರೋ ದಿನ ಯಾವುದು ಅಂತ ಉದಯಕುಮಾರನ್ನ ಕೇಳಿ ಇಟ್ಕೊಂಡಿರು. ಆ ದಿನ ನಾನು ಗ್ಯಾರೇಜಿಗೆ ಬರಲ್ಲ. ಮನೇಲೇ ಇರ್ತೀನಿ, ಬಾಗಿಲು ಹಾಕ್ಕೊಂಡಿರ್ತೀನಿ. ಅವರು ಬಂದು ಹೋಗಲಿ. ಸ್ಟೂಲ್ ಹೊರಗೇ ಹಾಕಿರು. ಅಮ್ಮ ಕಾಫಿ ಕೊಡಲಿ.

ಅವರು ಹೋದ ಮೇಲೆ ಕರಿ, ಬರ್ತೀನಿ.

ದಿವ್ಯ